ಹೊಯ್ಸಳ ಗುಡಿಗಳ ಫೋಟೊ: ಯಾವ ಗೋಡೆ, ಯಾವ ಹೊತ್ತು, ಯಾವ ಲೆನ್ಸು?

ಜಾಲಂಧ್ರ (ಪ್ರಶ್ನೆ)

ಡಿಸೆಂಬರ್ ಮೂರನೇ ವಾರದಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಕ್ಕೆ ತಲಾ ಒಂದೊಂದು ದಿನ ಇಟ್ಟುಕೊಂಡಿದ್ದೇನೆ. 24 ಮೆಗಾಪಿಕ್ಸೆಲ್‌ನ ಫುಲ್ ಫ್ರೇಮ್ ಕ್ಯಾಮೆರಾ, 24-70 ಮತ್ತು 70-200 ಲೆನ್ಸ್, ಒಂದು ಟ್ರೈಪಾಡ್ ಇವೆ. ಬೇಕಿರುವುದು ಪ್ರವಾಸದ ಪಟಗಳಲ್ಲ. ಗೋಡೆಯ ಮೂರ್ತಿಗಳನ್ನು ಸಾಲಾಗಿ, ಶಿಲ್ಪಕಲೆ ಓದುವ ವಿದ್ಯಾರ್ಥಿಗಳಿಗೆ ಉಪಯೋಗಕ್ಕೆ ಬರುವಂತೆ ತೆಗೆಯಬೇಕು. ಮೂರು ಪ್ರಶ್ನೆ: ಯಾವ ಗೋಡೆಗೆ ಯಾವ ಹೊತ್ತು? ಟ್ರೈಪಾಡ್ ಬಿಡುತ್ತಾರಾ? ಅಲ್ಲಿನ ಕೆತ್ತನೆ ಕಣ್ಣಿಗೆ ಅಷ್ಟು ಆಳವಾಗಿ ಕಂಡರೂ ಫೋಟೊದಲ್ಲಿ ಚಪ್ಪಟೆಯಾಗಿ, ಕಲ್ಲು ಬೂದಿ ಬಳಿದಂತೆ ಬರುವುದೇಕೆ?

ಓರೆಬಿಸಿಲು

ಮೊದಲ ಮತ್ತು ಮೂರನೇ ಪ್ರಶ್ನೆಗೆ ಉತ್ತರ ಒಂದೇ: ಬಿಸಿಲು ಗೋಡೆಗೆ ಎದುರಾಗಿ ಬಿದ್ದರೆ ನೆರಳು ಮೂರ್ತಿಯ ಹಿಂದೆ ಅಡಗುತ್ತದೆ, ಆಳ ಹೋಗುತ್ತದೆ. ಪಕ್ಕದಿಂದ ಸವರಿಕೊಂಡು ಹೋದರೆ ಉಬ್ಬು ತಗ್ಗು ಎಲ್ಲಾ ಏಳುತ್ತವೆ. ಅದಕ್ಕೇ ಲೆನ್ಸಿನ ಚಿಂತೆಗಿಂತ ಮೊದಲು ದಿಕ್ಕಿನ ಲೆಕ್ಕ ಹಾಕಿ.

ಹಳೇಬೀಡಿನ ಹೊಯ್ಸಳೇಶ್ವರ ಪೂರ್ವಕ್ಕೆ ಮುಖ ಮಾಡಿದ ಜೋಡಿ ಗುಡಿ. ಪೂರ್ವದ ಕಡೆ ಬಾಗಿಲು, ಜಾಲಂಧ್ರ (ಕಲ್ಲಿನ ಜಾಲರಿ ಕಿಟಕಿ), ನಂದಿ ಮಂಟಪಗಳು. ದೊಡ್ಡ ಮೂರ್ತಿಗಳ ಮುಖ್ಯ ಸಾಲು ಹಿಂಬದಿಯಲ್ಲಿ, ಪಶ್ಚಿಮಕ್ಕೆ. ಆ ಗೋಡೆಗೆ ಡಿಸೆಂಬರ್‌ನಲ್ಲಿ ಬಿಸಿಲು ತಾಗುವುದು ಮಧ್ಯಾಹ್ನ ಸುಮಾರು 12:25 ದಾಟಿದ ಮೇಲೆ. ಆಗ ಸೂರ್ಯ ದಕ್ಷಿಣದಲ್ಲಿರುವುದರಿಂದ ಬೆಳಕು ಗೋಡೆಯನ್ನು ಪಕ್ಕದಿಂದ ಸವರುತ್ತದೆ. ಒಂದು ಗಂಟೆಗೆ ಗೋಡೆಗೂ ಬಿಸಿಲಿಗೂ ನಡುವಿನ ಅಡ್ಡ ಕೋನ ಸುಮಾರು 14 ಡಿಗ್ರಿ, ಎರಡಕ್ಕೆ 33, ಮೂರಕ್ಕೆ 46, ನಾಲ್ಕಕ್ಕೆ 56.

ಹಾಗಾದರೆ ಒಂದು ಗಂಟೆಯೇ ಒಳ್ಳೆಯದಲ್ಲವೇ ಅಂದರೆ, ಅಲ್ಲ. ಮೇಲೆ ಚಾಚಿದ ಸೂರಿದೆ. ಒಂದು ಗಂಟೆಗೆ ಸೂರಿನ ಪ್ರತಿ ಒಂದು ಅಡಿ ಚಾಚಿಗೆ ಗೋಡೆಯ ಮೇಲೆ ಐದೂಕಾಲು ಅಡಿಗೂ ಹೆಚ್ಚು ನೆರಳು ಇಳಿಯುತ್ತದೆ. ಮೂರ್ತಿಗಳ ತಲೆ ಮುಳುಗಿಹೋಗುತ್ತದೆ, ಕೆಳಗಿನ ಆನೆ ಸಾಲು ಮಾತ್ರ ಹೊಳೆಯುತ್ತದೆ. ಎರಡು ಗಂಟೆಗೆ ಅದು ಸುಮಾರು ಎರಡು ಅಡಿ, ಮೂರಕ್ಕೆ ಒಂದು ಅಡಿ, ನಾಲ್ಕಕ್ಕೆ ಏಳು ಇಂಚು. ಪ್ರತಿ ಮೂರ್ತಿಯ ಮೇಲಿನ ಲತಾತೋರಣವೂ (ಬಳ್ಳಿ ಕೆತ್ತನೆಯ ಕಮಾನು) ಮುಖದ ಮೇಲೆ ತನ್ನದೇ ನೆರಳು ಹಾಕುತ್ತದೆ, ಅದಕ್ಕೂ ಇದೇ ಲೆಕ್ಕ. ಆಳವೂ ಉಳಿಯಬೇಕು, ಮುಖವೂ ಕಾಣಬೇಕು ಎಂದರೆ ಪಶ್ಚಿಮದ ಗೋಡೆಗೆ ಮೂರರಿಂದ ನಾಲ್ಕೂಕಾಲು. ಐದರ ಹೊತ್ತಿಗೆ ಬಣ್ಣ ಚೆನ್ನಾಗಿ ಬರುತ್ತದೆ, ಕೆತ್ತನೆ ಚಪ್ಪಟೆಯಾಗುತ್ತದೆ. ಇನ್‌ಸ್ಟಾಗ್ರಾಮಿಗೆ ಅದು ಸಾಕು, ನಿಮ್ಮ ವಿದ್ಯಾರ್ಥಿಗಳಿಗೆ ಸಾಲದು.

ದಕ್ಷಿಣದ ಗೋಡೆಗೆ ಬೆಳಿಗ್ಗೆ ಒಂಬತ್ತರ ಆಸುಪಾಸು. ಉತ್ತರದ ಗೋಡೆಗೆ ಡಿಸೆಂಬರ್‌ನಲ್ಲಿ ದಿನವಿಡೀ ನೇರ ಬಿಸಿಲೇ ಇಲ್ಲ.

ಜಾಲಂಧ್ರ

ಸೂರಿನ ಲೆಕ್ಕ ತಲೆಗೇ ಹೊಳೆದಿರಲಿಲ್ಲ ಸರ್. ಉತ್ತರದ ಗೋಡೆ ಹಾಗಾದರೆ ಬಿಟ್ಟುಬಿಡುವುದಾ?

ಬಳಪದಕಲ್ಲು

ಬಿಡಬೇಡಿ. ಉತ್ತರದ ಗೋಡೆಯನ್ನು ಮಟ ಮಟ ಮಧ್ಯಾಹ್ನಕ್ಕೆ ಇಟ್ಟುಕೊಳ್ಳಿ, ಉಳಿದ ಗೋಡೆಗಳು ಕೆಲಸಕ್ಕೆ ಬಾರದ ಹೊತ್ತು ಅದು. ಅಲ್ಲಿ ಬರುವುದು ಆಕಾಶದ ಬೆಳಕು ಮತ್ತು ನೆಲದಿಂದ ಪುಟಿದ ಬೆಳಕು. ಮೃದುವಾಗಿರುತ್ತದೆ, ಒಂದೂ ಮುಖ ಕಪ್ಪಾಗುವುದಿಲ್ಲ. ಆದರೆ ಎರಡು ತೊಂದರೆ. ನೆರಳಿನಲ್ಲಿ ಕಲ್ಲು ನೀಲಿಗೆ ತಿರುಗುತ್ತದೆ. ಜೊತೆಗೆ ಹಳೇಬೀಡಿನ ಸುತ್ತಲಿನ ಹುಲ್ಲುಹಾಸಿನಿಂದ ಪುಟಿದ ಬೆಳಕು ಮೂರ್ತಿಗಳ ಗಲ್ಲದ ಕೆಳಗೆ, ತೋಳಿನ ಅಡಿಯಲ್ಲಿ ಹಸಿರು ಬಳಿಯುತ್ತದೆ. ಇದು ಬಳಪದ ಕಲ್ಲು, ಅದರ ಸ್ವಂತ ಬಣ್ಣದಲ್ಲೇ ಹಸಿರು ಛಾಯೆ ಇದೆ. ಯಾವುದು ಕಲ್ಲಿನ ಹಸಿರು, ಯಾವುದು ಹುಲ್ಲಿನ ಹಸಿರು ಎಂದು ಆಮೇಲೆ ಕಂಪ್ಯೂಟರ್ ಮುಂದೆ ಕೂತು ಹೇಳಲಾಗದು. ಆದ್ದರಿಂದ ಪ್ರತಿ ಗೋಡೆಗೂ, ಬೆಳಕು ಬದಲಾದಾಗಲೆಲ್ಲ, ಒಂದು ಗ್ರೇ ಕಾರ್ಡ್ (ಬಣ್ಣ ಸರಿಹೊಂದಿಸಲು ಬಳಸುವ ಬೂದು ರಟ್ಟು) ಹಿಡಿದು ಒಂದು ಫ್ರೇಮ್ ತೆಗೆದಿಟ್ಟುಕೊಳ್ಳಿ. ಕಾರ್ಡನ್ನು ಕಲ್ಲಿಗೆ ಒರಗಿಸಬೇಡಿ, ಕೈಯಲ್ಲೇ ಹಿಡಿಯಿರಿ. ರಾ ಫೈಲ್ (ಕ್ಯಾಮೆರಾ ತಿದ್ದದೆ ಕೊಡುವ ಮೂಲ ಫೈಲ್) ಕಡ್ಡಾಯ.

ಉತ್ತರದ ಗೋಡೆಗೆ ನಿಜವಾದ ಬಿಸಿಲು ಬೇಕೆಂದರೆ ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ನಡುವಿನವರೆಗೆ. ಹಳೇಬೀಡು ಇರುವುದು ಸುಮಾರು 13.2 ಡಿಗ್ರಿ ಅಕ್ಷಾಂಶದಲ್ಲಿ. ಆ ದಿನಗಳಲ್ಲಿ ನಡುಹಗಲಿನ ಸೂರ್ಯ ನೆತ್ತಿ ದಾಟಿ ಉತ್ತರಕ್ಕೆ ಹೋಗಿರುತ್ತಾನೆ. ಜೂನ್ ಬಂತೆಂದರೆ ಮೋಡ ಬಿಡುವುದಿಲ್ಲ, ಹಾಗಾಗಿ ಕೈಗೆ ಸಿಗುವುದು ಮೇ ತಿಂಗಳ ಬೆಳಿಗ್ಗೆ, ಸಂಜೆ.

ಇನ್ನು "ಬೂದಿ ಬಳಿದಂತೆ" ಅಂದಿರಲ್ಲ, ಅದಕ್ಕೆ ದಿಕ್ಕಿನ ಜೊತೆ ಇನ್ನೊಂದು ಕಾರಣವಿದೆ. ಕ್ಯಾಮೆರಾದ ಮೀಟರ್ ಫ್ರೇಮಿನಲ್ಲಿರುವುದನ್ನೆಲ್ಲ ನಡುಬೂದು ಎಂದುಕೊಳ್ಳುತ್ತದೆ. ಕಪ್ಪು ಕಲ್ಲು ಫ್ರೇಮ್ ತುಂಬಿದರೆ ಅದನ್ನು ಎಳೆದು ಬೂದು ಮಾಡುತ್ತದೆ. ಬಿಸಿಲಿಲ್ಲದ ಗೋಡೆಗೆ ಎಕ್ಸ್‌ಪೋಷರ್ ಕಾಂಪೆನ್ಸೇಷನ್ ಮೈನಸ್ 0.7ರಿಂದ ಮೈನಸ್ 1 ಇಟ್ಟು ಶುರುಮಾಡಿ, ಹಿಸ್ಟೋಗ್ರಾಮ್ (ಬೆಳಕಿನ ಹಂಚಿಕೆ ತೋರಿಸುವ ನಕ್ಷೆ) ನೋಡಿ ತಿದ್ದಿಕೊಳ್ಳಿ. ಸೂರಿನ ಹಿಂದೆ ಬಿಳಿ ಆಕಾಶ ಬಂತೆಂದರೆ ಆಟ ಉಲ್ಟಾ, ಕಲ್ಲು ಮಸಿಯಾಗುತ್ತದೆ. ಸಾಲಾಗಿ ತೆಗೆಯುವಾಗ ಮ್ಯಾನ್ಯುಯಲ್‌ನಲ್ಲೇ ಇರಿ, ಒಂದು ಗೋಡೆಗೆ ಒಂದೇ ಎಕ್ಸ್‌ಪೋಷರ್.

ಕಟ್ಟೆಕಾನೂನು

ಟ್ರೈಪಾಡ್ ವಿಷಯ. ಕೈಯಲ್ಲಿ ಹಿಡಿದು ತೆಗೆಯುವ ಸ್ಟಿಲ್ ಫೋಟೊಗೆ ತೊಂದರೆಯಿಲ್ಲ. 2018ರಲ್ಲಿ ಪುರಾತತ್ತ್ವ ಸರ್ವೇಕ್ಷಣ ಇಲಾಖೆ ತನ್ನ ಸ್ಮಾರಕಗಳಲ್ಲಿ ಫೋಟೊಗ್ರಫಿಯನ್ನು ಸಾಮಾನ್ಯವಾಗಿ ಮುಕ್ತ ಮಾಡಿತು. ಅಜಂತಾ, ಲೇಹ್ ಅರಮನೆ, ತಾಜ್‌ಮಹಲಿನ ಗೋರಿ ಕೋಣೆ ಮಾತ್ರ ಹೊರತು. ಆದರೆ ಟ್ರೈಪಾಡ್, ಸ್ಟ್ಯಾಂಡ್, ದೀಪ ಅಂದರೆ ಮೊದಲೇ ಬರಹದ ಅನುಮತಿ ಬೇಕು. ಅರ್ಜಿ ಹೋಗಬೇಕಾದದ್ದು ಬೆಂಗಳೂರು ವೃತ್ತದ ಅಧೀಕ್ಷಕ ಪುರಾತತ್ತ್ವವಿದರ ಕಚೇರಿಗೆ, ಬಾಗಿಲಲ್ಲಿ ನಿಂತ ಕಾವಲುಗಾರರಿಗಲ್ಲ. ಅವರ ಕೈಯಲ್ಲಿ ಅಧಿಕಾರವಿಲ್ಲದ್ದನ್ನು ಅವರಲ್ಲಿ ಕೇಳಿ ಜಗಳ ಮಾಡುವುದು ಬೇಡ. ಅರ್ಜಿಯಲ್ಲಿ ಉದ್ದೇಶ, ದಿನಾಂಕ, ಸಲಕರಣೆಯ ಪಟ್ಟಿ, ಎಷ್ಟು ಜನ ಎಂಬುದನ್ನು ಬರೆಯಿರಿ. ಮೂರೂ ಗುಡಿಗಳು 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿವೆ, ನಿಗಾ ಇದ್ದೇ ಇರುತ್ತದೆ.

ಬೇಲೂರಿನ ಚೆನ್ನಕೇಶವನಿಗೆ ಇವತ್ತಿಗೂ ಪೂಜೆ ನಡೆಯುತ್ತದೆ. ಗರ್ಭಗುಡಿಯ ಕಡೆ ಕ್ಯಾಮೆರಾ ಎತ್ತಬೇಡಿ. ಒಳಗೆ ಎಲ್ಲಿಯವರೆಗೆ ತೆಗೆಯಬಹುದು ಎಂದು ಅರ್ಚಕರನ್ನೇ ಕೇಳಿ. ಹಳೇಬೀಡಿನ ಹೊಯ್ಸಳೇಶ್ವರನ ಮುಂದೆಯೂ ಅದೇ ಮರ್ಯಾದೆ. ಸೋಮನಾಥಪುರದಲ್ಲಿ ಪೂಜೆಯಿಲ್ಲ.

ಡ್ರೋನ್ ಬೇಡ. ಅನುಮತಿಯಿಲ್ಲದೆ ಹಾರಿಸಿದರೆ ಅದನ್ನು ಅಲ್ಲೇ ಬಿಟ್ಟು ಬರಬೇಕಾದೀತು. "ನೂರು ಮೀಟರ್ ದೂರದಿಂದ ಹಾರಿಸಿದರೆ ಆಯ್ತಲ್ಲ" ಎಂಬ ಮಾತು ಇಂಥ ಕಡೆ ಯಾವಾಗಲೂ ಬರುತ್ತದೆ, ಅದಕ್ಕೇ ಮೊದಲೇ ಹೇಳುತ್ತೇನೆ: ಆ 100 ಮೀಟರ್ ನಿಷೇಧಿತ ವಲಯ ಕಟ್ಟಡ ಕಟ್ಟುವುದಕ್ಕೆ, ಗಣಿಗಾರಿಕೆಗೆ ಸಂಬಂಧಿಸಿದ್ದು. ಡ್ರೋನಿಗೆ ಅದು ಪರವಾನಗಿಯಲ್ಲ.

ಮುಕ್ಕಾಲಿ

ಅನುಮತಿ ಸಿಗದಿದ್ದರೆ ಹೊರಗೋಡೆಗೆ ಟ್ರೈಪಾಡಿನ ಅಗತ್ಯವೇ ಇಲ್ಲ. ಬಿಸಿಲಿನಲ್ಲಿ ಎಫ್ 8, ಐಎಸ್‌ಒ 100, ಶಟರ್ 1/250 ಆರಾಮಾಗಿ ಸಿಗುತ್ತದೆ. ಎಫ್ 8 ಯಾಕೆಂದರೆ, 50 ಎಂಎಂನಲ್ಲಿ ಎರಡು ಮೀಟರ್ ದೂರಕ್ಕೆ ಫೋಕಸ್ ಮಾಡಿದರೆ ಸುಮಾರು 1.7 ಮೀಟರಿನಿಂದ 2.45 ಮೀಟರ್‌ವರೆಗೆ ಚೂಪಾಗಿರುತ್ತದೆ. ತೋರಣದ ತುದಿಯಿಂದ ಹಿಂದಿನ ಗೋಡೆಯವರೆಗೆ ಅಷ್ಟು ಸಾಕು. ಎಫ್ 16ಕ್ಕೆ ಹೋದರೆ ಡಿಫ್ರಾಕ್ಷನ್‌ನಿಂದ (ಕಿರಿದಾದ ರಂಧ್ರದಲ್ಲಿ ಬೆಳಕು ಹರಡಿ) ಸಣ್ಣ ಕೆತ್ತನೆ ಮಂಕಾಗುತ್ತದೆ. ಇಲ್ಲಿನ ಆಭರಣದ ಮಣಿಗಳು, ಜಡೆಯ ಹೆಣಿಗೆಗಳಲ್ಲಿ ಅದು ಮೊದಲು ಗೊತ್ತಾಗುತ್ತದೆ.

ಒಳಗಡೆಯದ್ದೇ ಕಷ್ಟ. ಭುವನೇಶ್ವರಿಗೆ, ಅಂದರೆ ನಡುಛಾವಣಿಗೆ, ಕ್ಯಾಮೆರಾವನ್ನು ನೆಲದ ಮೇಲೆ ಬೆನ್ನಡಿಯಾಗಿ ಮಲಗಿಸಿ. ಕೆಳಗೆ ಒಂದು ಪುಟ್ಟ ಬಟ್ಟೆಚೀಲದಲ್ಲಿ ಅರ್ಧ ಕೆಜಿ ಅಕ್ಕಿ ಅಥವಾ ರಾಗಿ ತುಂಬಿಟ್ಟರೆ ಅಲುಗುವುದಿಲ್ಲ. ಸ್ಕ್ರೀನ್ ಮಡಚಿ ಹೊರಗೆ ಬರುವಂಥದ್ದಾದರೆ ಒಳ್ಳೆಯದು, ಇಲ್ಲದಿದ್ದರೆ ಫೋನಿನ ಆ್ಯಪ್ ಮೂಲಕ ನೋಡಿ. 24 ಎಂಎಂ, ಎಫ್ 8, ಐಎಸ್‌ಒ 100, 10 ಸೆಕೆಂಡಿನ ಟೈಮರ್. ಶಟರ್ ಎಷ್ಟು ಸೆಕೆಂಡ್ ಹೋದರೂ ಚಿಂತೆಯಿಲ್ಲ, ಪಕ್ಕದಲ್ಲಿ ಯಾರೂ ನಡೆಯದಿದ್ದರಾಯಿತು. ಚೀಲವೂ ಬೇಡ ಎಂದು ಸಿಬ್ಬಂದಿ ಹೇಳಿದರೆ ಎತ್ತಿಬಿಡಿ.

ನಡುವಿಗೆ ತರುವುದು ಹೇಗೆ? ನವರಂಗದ (ಗುಡಿಯೊಳಗಿನ ಕಂಬದ ಸಭಾಂಗಣ) ನಾಲ್ಕು ನಡುಗಂಬಗಳ ಮೂಲೆಯಿಂದ ಮೂಲೆಗೆ ಕಣ್ಣಳತೆಯಲ್ಲಿ ಎರಡು ಗೆರೆ ಎಳೆದುಕೊಳ್ಳಿ, ಅವು ಕೂಡುವ ಜಾಗದಲ್ಲಿ ಕ್ಯಾಮೆರಾ ಇಡಿ. ಆಮೇಲೆ ಫ್ರೇಮಿನ ನಾಲ್ಕೂ ಮೂಲೆಯಲ್ಲಿ ನಾಲ್ಕು ತೊಲೆಗಳು ಸಮನಾಗಿ ಕಾಣುತ್ತಿವೆಯೇ ನೋಡಿ. ಎರಡು ಇಂಚು ಆಚೀಚೆಯಾದರೂ ನಡುವಿನ ಇಳಿಮೊಗ್ಗು ಒಂದು ಪಕ್ಕಕ್ಕೆ ವಾಲಿದಂತೆ ಕಾಣುತ್ತದೆ. ಸೋಮನಾಥಪುರದ ಬಾಳೆಮೊಗ್ಗಿನಂಥ ಛಾವಣಿಗಳಲ್ಲಿ ಇದು ಇನ್ನೂ ಎದ್ದು ತೋರುತ್ತದೆ, ಮೊಗ್ಗು ಕೆಳಗೆ ಇಳಿದಿರುವುದರಿಂದ.

ಜಾಲಂಧ್ರದಿಂದ ಬರುವ ಬೆಳಕಿಗೂ ಒಳಗಿನ ಕತ್ತಲಿಗೂ ಭಾರಿ ಅಂತರ. ಎರಡೆರಡು ಸ್ಟಾಪ್ (ಒಂದು ಸ್ಟಾಪ್ ಅಂದರೆ ಬೆಳಕು ಎರಡು ಪಟ್ಟು ಅಥವಾ ಅರ್ಧ) ಬಿಟ್ಟು ಐದು ಫ್ರೇಮ್ ಬ್ರಾಕೆಟ್ ಮಾಡಿ, ಅಂದರೆ ಒಂದೇ ದೃಶ್ಯವನ್ನು ಬೇರೆ ಬೇರೆ ಬೆಳಕಿನಲ್ಲಿ ತೆಗೆಯಿರಿ. ಅಥವಾ ಆ ಜಾಲಂಧ್ರ ಫ್ರೇಮಿನೊಳಗೆ ಬಾರದಂತೆ ನಿಲ್ಲಿ, ನನ್ನ ಮತ ಇದಕ್ಕೇ.

ಕಿಸೆಕ್ಯಾಮೆರಾ

ಇಷ್ಟೆಲ್ಲ ಬೇಕಾ? ಈಗಿನ ಫೋನುಗಳ ಅಲ್ಟ್ರಾವೈಡ್‌ನಲ್ಲಿ ಇಡೀ ಗೋಡೆ ಒಂದೇ ಏಟಿಗೆ ಬರುತ್ತಲ್ಲ, ಎಚ್‌ಡಿಆರ್ (ಹಲವು ಎಕ್ಸ್‌ಪೋಷರ್ ಬೆರೆಸಿ ನೆರಳು ಬೆಳಕು ಎರಡನ್ನೂ ತೋರಿಸುವುದು) ಕೂಡ ಅದೇ ಮಾಡಿಕೊಡುತ್ತೆ.

ಬಳಪದಕಲ್ಲು

ಬರುತ್ತದೆ, ಯಾವ ಸ್ಥಿತಿಯಲ್ಲಿ ಎನ್ನುವುದು ಪ್ರಶ್ನೆ. ಅಲ್ಟ್ರಾವೈಡ್‌ನಲ್ಲಿ ಅಂಚಿನ ಮೂರ್ತಿಗಳು ಅಡ್ಡಡ್ಡ ಹಿಗ್ಗುತ್ತವೆ. ನಡುವಿನ ವಿಷ್ಣು ಸರಿಯಿದ್ದರೆ ಕೊನೆಯ ವಿಷ್ಣುವಿಗೆ ಬೊಜ್ಜು. ಎಚ್‌ಡಿಆರ್ ನೆರಳನ್ನೆಲ್ಲ ಎತ್ತಿಬಿಡುತ್ತದೆ. ಓರೆ ಬಿಸಿಲಿಗೆ ಕಾದು ಕೂತದ್ದು ಆ ನೆರಳಿಗಾಗಿಯೇ. ಸೋಮನಾಥಪುರದ ಶಿಖರಗಳ ಅಂಚಿಗೆ ಬಿಳಿ ಗೆರೆ ಬರುವುದೂ ಎಚ್‌ಡಿಆರ್‌ನಿಂದಲೇ.

ಫೋನೇ ಇದ್ದರೆ: ಎಚ್‌ಡಿಆರ್ ನಿಲ್ಲಿಸಲು ಬರುವುದಾದರೆ ನಿಲ್ಲಿಸಿ, ಅಲ್ಟ್ರಾವೈಡ್ ಬಿಟ್ಟು 2 ಎಕ್ಸ್ ಅಥವಾ 3 ಎಕ್ಸ್ ಲೆನ್ಸಿಗೆ ಹೋಗಿ ಹಿಂದೆ ಸರಿಯಿರಿ. ಮೂರ್ತಿಯ ಎದೆಯ ಮೇಲೆ ಒತ್ತಿ ಹಿಡಿದು ಫೋಕಸ್ ಲಾಕ್ ಮಾಡಿ, ಬೆರಳನ್ನು ಕೆಳಕ್ಕೆ ಎಳೆದು ಬೆಳಕು ಸ್ವಲ್ಪ ಇಳಿಸಿ. ಗ್ರಿಡ್ ಗೆರೆ ಹಾಕಿಕೊಳ್ಳಿ. ಪೋರ್ಟ್ರೇಟ್ ಮೋಡ್ ಮಾತ್ರ ಖಂಡಿತ ಬೇಡ. ಕೃಷ್ಣನ ಕೊಳಲನ್ನೂ ಹಿನ್ನೆಲೆ ಎಂದುಕೊಂಡು ಮಸುಕು ಮಾಡುತ್ತದೆ.

ಕಿಸೆಕ್ಯಾಮೆರಾ

ಕೊಳಲಿನ ಮಾತು ಒಪ್ಪಿದೆ 🙂 2 ಎಕ್ಸ್‌ನಲ್ಲೇ ನೋಡುತ್ತೇನೆ.

ಓರೆಬಿಸಿಲು

ಲೆನ್ಸಿನ ಲೆಕ್ಕ ಸುಲಭ. ದೂರವನ್ನು 36ರಿಂದ ಗುಣಿಸಿ, ಎಂಎಂನಿಂದ ಭಾಗಿಸಿ: ಫುಲ್ ಫ್ರೇಮ್‌ನಲ್ಲಿ ಎಷ್ಟು ಅಗಲ ಸಿಗುತ್ತದೆ ಎಂಬುದು ಗೊತ್ತಾಗುತ್ತದೆ. ಐದು ಮೀಟರ್ ದೂರದಿಂದ 24 ಎಂಎಂಗೆ 7.5 ಮೀಟರ್, 50ಕ್ಕೆ 3.6, 85ಕ್ಕೆ ಸುಮಾರು 2.1. ಗುಡಿಯ ಸುತ್ತ ಜಗತಿ (ಗುಡಿ ನಿಂತಿರುವ ಎತ್ತರದ ಕಟ್ಟೆ) ಇದೆ, ಅದರ ಅಂಚಿನವರೆಗೆ ಹಿಂದೆ ಸರಿಯಬಹುದು. (ಹಿಂದೆ ನೋಡಿಕೊಂಡು ಸರಿಯಿರಿ, ಜಗತಿ ಎದೆಮಟ್ಟಕ್ಕಿರುವ ಕಡೆ ಬಿದ್ದರೆ ಲೆನ್ಸಿನ ಕಥೆ ಬೇರೆ, ಬೆನ್ನಿನ ಕಥೆ ಬೇರೆ.) ಜಗತಿ ಇಳಿದು ನೆಲದಿಂದ ತೆಗೆದರೆ ಕೆಳಗಿನ ಪಟ್ಟಿಕೆಗಳು ಜಗತಿಯ ಅಂಚಿಗೆ ಮರೆಯಾಗುತ್ತವೆ.

ಕ್ಯಾಮೆರಾ ಮೇಲಕ್ಕೆ ಓರೆ ಮಾಡಬೇಡಿ. ಮಾಡಿದರೆ ಗೋಡೆ ಹಿಂದಕ್ಕೆ ಬೀಳುತ್ತದೆ. ಶಿಫ್ಟ್ ಲೆನ್ಸ್ (ಕ್ಯಾಮೆರಾ ಓರೆ ಮಾಡದೆ ನೋಟವನ್ನು ಮೇಲೆ ಸರಿಸುವ ಲೆನ್ಸ್) ಇದ್ದರೆ ಸರಿ, ಇಲ್ಲದಿದ್ದರೆ ಫೋಟೊ ಎತ್ತರವಾಗಿ ಬರುವಂತೆ ಕ್ಯಾಮೆರಾ ತಿರುಗಿಸಿ ಹಿಡಿದು, ಮಟ್ಟವಾಗಿಟ್ಟು, ಅಗಲವಾದ ಲೆನ್ಸಿನಲ್ಲಿ ತೆಗೆದು ಕೆಳಗಿನ ನೆಲವನ್ನು ಕತ್ತರಿಸಿ. ಸಾಫ್ಟ್‌ವೇರ್‌ನಲ್ಲಿ ತಿದ್ದುತ್ತೇನೆ ಅನ್ನುವವರಿಗೆ ಒಂದು ಮಾತು: ಲೈಟ್‌ರೂಮ್ ಆಗಲಿ ಡಾರ್ಕ್‌ಟೇಬಲ್ ಆಗಲಿ, ತಾನಾಗಿ ನೇರ ಮಾಡುವ ಗುಂಡಿಯನ್ನು ಇಲ್ಲಿ ನಂಬಬೇಡಿ. ಸೋಮನಾಥಪುರದ ಗರ್ಭಗುಡಿಗಳ ತಳವಿನ್ಯಾಸ 16 ಮೂಲೆಯ ನಕ್ಷತ್ರ. ಒಂದು ಮುಖಕ್ಕೂ ಪಕ್ಕದ ಮುಖಕ್ಕೂ ಗೆರೆ ಹೊಂದುವುದಿಲ್ಲ. ಅಡ್ಡಪಟ್ಟಿಕೆಗಳು ದೂರ ಸರಿಯುತ್ತ ಓರೆಯಾಗಿ ಕಾಣುವುದೇ ಸಹಜ. ಸಾಫ್ಟ್‌ವೇರ್ ಅದನ್ನು ವಕ್ರ ಎಂದುಕೊಂಡು ಇಡೀ ಗುಡಿಯನ್ನು ತಿರುಚುತ್ತದೆ. ಎರಡು ಲಂಬ ಗೆರೆಗಳನ್ನು ಕೈಯಾರೆ ಆಯ್ದು ಕೊಡಿ, ಅಡ್ಡ ಗೆರೆ ಕೊಡಲೇಬೇಡಿ.

ಅದೇ ನಕ್ಷತ್ರದಿಂದ ಒಂದು ಲಾಭವೂ ಇದೆ. ಒಂದು ಮುಖಕ್ಕೆ ಬಿಸಿಲು ಎದುರಾದಾಗ ಪಕ್ಕದ್ದಕ್ಕೆ ಓರೆಯಾಗಿರುತ್ತದೆ. ದಿನವಿಡೀ ಒಂದಲ್ಲ ಒಂದು ಮುಖ ಸಿದ್ಧವಿರುತ್ತದೆ. ಸಾಲಾಗಿಯೇ ತೆಗೆಯುತ್ತೇನೆ ಎಂಬ ಹಟ ಬಿಟ್ಟು ಬೆಳಕಿನ ಹಿಂದೆ ಎರಡು ಸುತ್ತು ಹೋಗಿ. ಮೂರು ಶಿಖರ ಒಟ್ಟಿಗೆ ಬೇಕಾದರೆ ಹಿಂಬದಿಗೆ ಹೋಗಿ. ಎದುರಿನಿಂದ ಮಂಟಪ ಅಡ್ಡ ಬರುತ್ತದೆ.

ಮುಕ್ಕಾಲಿ

ಬೇಲೂರಿನ ಮದನಿಕೆಯರ ಬಗ್ಗೆ ಯಾರೂ ಹೇಳಲಿಲ್ಲ. ಹೊರಗೆ 38, ಒಳಗೆ 4. ಹೊರಗಿನವರು ಸೂರಿನ ಕೆಳಗೆ ಕಂಬದ ತಲೆಯಿಂದ ಮುಂದಕ್ಕೆ ಬಾಗಿ ನಿಂತಿದ್ದಾರೆ. ಹತ್ತಿರ ಹೋಗಿ ಮೇಲಕ್ಕೆ ನೋಡಿ ತೆಗೆದರೆ ಗಲ್ಲ, ಮೂಗಿನ ಹೊಳ್ಳೆ ಸಿಗುತ್ತವೆ. ದೂರ ಸರಿದು 135ರಿಂದ 200 ಎಂಎಂನಲ್ಲಿ ತೆಗೆಯಿರಿ. ಆಕೃತಿ ಮುಂದಕ್ಕೆ ಬಾಗಿರುವುದರಿಂದ ಕೆಳಗೆ ನಿಂತವರ ಕಡೆಗೇ ಅರ್ಧ ತಿರುಗಿರುತ್ತದೆ. ಶಟರ್ 1/320ಕ್ಕಿಂತ ಇಳಿಸಬೇಡಿ, ಬೇಕಾದರೆ ಐಎಸ್‌ಒ 800ಕ್ಕೆ ಏರಿಸಿ.

ಬೆಳಕಿನಲ್ಲಿ ಇಲ್ಲಿ ನಾನು ಓರೆಬಿಸಿಲು ಅವರ ಮಾತಿಗೆ ಒಪ್ಪುವುದಿಲ್ಲ. ಸೂರಿನಡಿಗೆ ನೇರ ಬಿಸಿಲು ಬರುವುದು ಬೆಳಿಗ್ಗೆ, ಸಂಜೆ ಸ್ವಲ್ಪ ಹೊತ್ತು. ಬಂದಾಗಲೂ ಸುತ್ತಲ ಬಳ್ಳಿಕೆತ್ತನೆಯ ನೆರಳು ಮುಖದ ಮೇಲೆ ಜಾಲರಿ ಹಾಕುತ್ತದೆ. ಹತ್ತೂವರೆಯಿಂದ ಎರಡರವರೆಗೆ ಕಲ್ಲು ಹಾಸಿದ ಅಂಗಳ ಬಿಸಿಲು ಕಾಯುತ್ತಿರುವಾಗ ಅಲ್ಲಿಂದ ಪುಟಿದ ಬೆಳಕು ಕೆಳಗಿನಿಂದ ಸೂರಿನಡಿಗೆ ಏರುತ್ತದೆ. ಮದನಿಕೆಗೆ ಅದೇ ಸರಿ.

ಓರೆಬಿಸಿಲು

ಮದನಿಕೆಗೆ ಒಪ್ಪಿದೆ. ನನ್ನ ಲೆಕ್ಕ ಗೋಡೆಯ ಮೂರ್ತಿಗಳಿಗೆ. ಒಂದೇ ಸೇರಿಕೆ: ಆ ಹೊತ್ತಿಗೆ ಅಂಗಳದ ಕಲ್ಲು ಕಾದ ಹಂಚು. ಗುಡಿಯೊಳಗೆ, ಜಗತಿಯ ಮೇಲೆ ಚಪ್ಪಲಿ ಇಲ್ಲ. ದಪ್ಪ ಕಾಲುಚೀಲ ಎರಡು ಜೊತೆ ಒಯ್ಯಿರಿ.

ಜಾಲಂಧ್ರ

ಹೊಳಪಿಗೆ ಪೋಲರೈಸರ್ (ಪ್ರತಿಫಲನ ತಗ್ಗಿಸುವ ಫಿಲ್ಟರ್) ಹಾಕಬಹುದೇ? ಒಳಗಿನ ತಿರುಗಣೆಯಲ್ಲಿ ಕಡೆದ ನುಣುಪು ಕಂಬಗಳಲ್ಲಿ ಕಿಟಕಿಯ ಪ್ರತಿಬಿಂಬ ಬರುತ್ತದೆ. ಇನ್ನು ಮಳೆ ಬಂದರೆ?

ಬಳಪದಕಲ್ಲು

ಪೋಲರೈಸರ್ ಕೆಲಸ ಮಾಡುವುದು ಓರೆಯಿಂದ ನೋಡಿದಾಗ. ಕಲ್ಲಿನ ಮೇಲ್ಮೈಗೆ ಲಂಬ ರೇಖೆಯಿಂದ ಸುಮಾರು 55 ಡಿಗ್ರಿ ಪಕ್ಕದಲ್ಲಿ ಅದರ ಪ್ರಭಾವ ಹೆಚ್ಚು, ನೇರ ಎದುರಿನಿಂದ ಏನೂ ಇಲ್ಲ. ಗುಂಡು ಕಂಬದಲ್ಲಿ ಅಂಚಿನ ಹೊಳಪು ಹೋಗಿ ನಡುವಿನ ಹೊಳಪು ಉಳಿಯುತ್ತದೆ. ಜೊತೆಗೆ ಒಂದರಿಂದ ಎರಡು ಸ್ಟಾಪ್ ಬೆಳಕು ತಿನ್ನುತ್ತದೆ. ಕತ್ತಲ ನವರಂಗದಲ್ಲಿ ಅದು ದುಬಾರಿ. ಆ ಕಂಬಗಳ ಸೊಗಸೇ ಹೊಳಪು, ತೆಗೆಯಲು ಹೋಗಬೇಡಿ. ನಿಮ್ಮ ಬಟ್ಟೆ ಬಿಳಿಯಾಗಿರದಿದ್ದರೆ ಸಾಕು, ಕಂಬದೊಳಗೆ ನೀವೇ ನಿಂತಿರುತ್ತೀರಿ.

ಮಳೆ ಬಂದರೆ ಪೂರ್ತಿ ನೆನೆದ ಗೋಡೆ ತೆಗೆಯಿರಿ, ಇಲ್ಲವೇ ಪೂರ್ತಿ ಒಣಗಲು ಬಿಡಿ. ಅರ್ಧ ಒಣಗಿದ ಗೋಡೆಯಲ್ಲಿ ನೀರಿನ ಕಲೆ ಕೆತ್ತನೆಗಿಂತ ಮೊದಲು ಕಣ್ಣಿಗೆ ಬೀಳುತ್ತದೆ.

ಪಡಿಯಚ್ಚು

ವಿದ್ಯಾರ್ಥಿಗಳಿಗೆ ಅಂದಿರಿ, ಹಾಗಾಗಿ ಇದು ಮುಖ್ಯ. ಮೂರ್ತಿಯ ಕಾಲ ಕೆಳಗಿನ ಪೀಠವನ್ನು ಕತ್ತರಿಸಬೇಡಿ. ಹೊಯ್ಸಳ ಶಿಲ್ಪಿಗಳು ಹೆಸರು ಕೆತ್ತಿರುವುದು ಅಲ್ಲಿ. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ. ಸೋಮನಾಥಪುರದಲ್ಲಿ ಮಲ್ಲಿತಮ್ಮನ ಹೆಸರು ಮತ್ತೆ ಮತ್ತೆ ಬರುತ್ತದೆ, ಕೆಲವೆಡೆ ಬರೀ "ಮಲ್ಲಿ" ಅಥವಾ "ಮ". ಇಡೀ ಮೂರ್ತಿಯ ಪಟದಲ್ಲಿ ಈ ಅಕ್ಷರ ಓದಲಾಗದು. ಪೀಠದ್ದೇ ಬೇರೆ ಫ್ರೇಮ್ ತೆಗೆಯಿರಿ, ಕ್ಯಾಮೆರಾವನ್ನು ಪೀಠದ ಮಟ್ಟಕ್ಕೆ ಇಳಿಸಿ.

ಸವೆದ ಅಕ್ಷರಕ್ಕೆ ಬೆಳಕು 10ರಿಂದ 20 ಡಿಗ್ರಿ ಓರೆಯಲ್ಲಿ ಬರಬೇಕು. ನೆರಳಿನ ಶಾಸನಕ್ಕೆ ಒಂದಡಿ ಚೌಕದ ಸಾದಾ ಕನ್ನಡಿ ಸಾಕು: ಜೊತೆಗಾರರು ನಾಲ್ಕೈದು ಮೀಟರ್ ಪಕ್ಕಕ್ಕೆ ಬಿಸಿಲಿನಲ್ಲಿ ನಿಂತು ಬೆಳಕನ್ನು ಕಲ್ಲಿನ ಉದ್ದಕ್ಕೆ ಸವರಿಸಲಿ. ಒಮ್ಮೆ ಎಡದಿಂದ, ಒಮ್ಮೆ ಬಲದಿಂದ, ಒಮ್ಮೆ ಮೇಲಿನಿಂದ, ಕ್ಯಾಮೆರಾ ಅಲುಗಿಸದೆ ಮೂರು ಫ್ರೇಮ್. ಒಂದು ದಿಕ್ಕಿನ ಬೆಳಕಿಗೆ ಸಮಾನಾಂತರವಾದ ಗೀರು ಕಾಣುವುದೇ ಇಲ್ಲ, ಅದಕ್ಕೇ ಮೂರು. ಸೀಮೆಸುಣ್ಣ, ವಿಭೂತಿ, ಹಿಟ್ಟು, ಎಣ್ಣೆ, ನೀರು ಯಾವುದನ್ನೂ ಅಕ್ಷರಕ್ಕೆ ತುಂಬಬೇಡಿ. ಬಳಪದ ಕಲ್ಲು ಮೆತ್ತಗಿನದು, ಉಜ್ಜಿದರೆ ಸವೆಯುತ್ತದೆ. ಅದೂ ಅಲ್ಲದೆ ಸೀಮೆಸುಣ್ಣ ತುಂಬಿದವರು ತಾವು ಓದಿದ್ದನ್ನೇ ತುಂಬುತ್ತಾರೆ. ಆಮೇಲೆ ಫೋಟೊ ನೋಡುವವರಿಗೆ ಸಿಗುವುದು ಅವರ ಊಹೆ, ಶಾಸನವಲ್ಲ.

ಮೂರಾಯಾಮ

ಕಥಾಪಟ್ಟಿಕೆಯನ್ನು ಉದ್ದಕ್ಕೆ ಜೋಡಿಸುವ ಯೋಚನೆ ಇದ್ದರೆ ನಿಂತಲ್ಲೇ ತಿರುಗಿ ಪನೋರಮಾ ತೆಗೆಯಬೇಡಿ. ಉಬ್ಬುಶಿಲ್ಪ ಒಂದೊಂದು ಕೋನದಿಂದ ಒಂದೊಂದು ಥರ ಕಾಣುತ್ತದೆ, ಜೋಡಣೆಯಲ್ಲಿ ಆನೆಗೆ ಐದು ಕಾಲು ಬರುತ್ತವೆ. ಗೋಡೆಗೆ ಸಮನಾಗಿ ಪಕ್ಕಕ್ಕೆ ನಡೆಯಿರಿ. 50 ಎಂಎಂ, ಎರಡೂವರೆ ಮೀಟರ್ ದೂರ: ಒಂದು ಫ್ರೇಮಿಗೆ 1.8 ಮೀಟರ್ ಅಗಲ. 40 ಶೇಕಡ ಒಂದರ ಮೇಲೊಂದು ಬರಬೇಕೆಂದರೆ ಮೂರೂವರೆ ಅಡಿಗೊಂದು ಫ್ರೇಮ್. ನಿಮ್ಮ 24 ಮೆಗಾಪಿಕ್ಸೆಲ್‌ಗೆ ಕಲ್ಲಿನ ಮೇಲೆ ಒಂದು ಪಿಕ್ಸೆಲ್ ಅಂದರೆ 0.3 ಮಿಲಿಮೀಟರ್.

ಫೋಟೊಗ್ರಾಮೆಟ್ರಿ (ಹಲವು ಫೋಟೊಗಳಿಂದ ಆಕಾರ ಅಳೆಯುವ ವಿಧಾನ) ಮಾಡಿ ಮೂರು ಆಯಾಮದ ಮಾದರಿ ಬೇಕಾದರೆ 80 ಶೇಕಡ, ಅಂದರೆ ಒಂದಡಿ ಚಿಲ್ಲರೆಗೆ ಒಂದು. ಮೂರು ಎತ್ತರದಲ್ಲಿ ಮೂರು ಸಾಲು, ಮೂಲೆ ತಿರುಗುವಾಗ ಪ್ರತಿ 10 ಡಿಗ್ರಿಗೊಂದು. ನಕ್ಷತ್ರದ ಮೂಲೆಗಳಲ್ಲಿ ಮಾದರಿ ತುಂಡಾಗುವುದು ಇಲ್ಲೇ. ಝೂಮ್ ರಿಂಗನ್ನು ಟೇಪಿನಿಂದ ಅಂಟಿಸಿಬಿಡಿ. ಫೋಕಸ್ ಮ್ಯಾನ್ಯುಯಲ್. ಮೊದಲ ಫ್ರೇಮಿನಲ್ಲಿ ಅಳತೆಪಟ್ಟಿ ಇರಲಿ. ಇದಕ್ಕೆ ಮಾತ್ರ ಓರೆ ಬಿಸಿಲು ಬೇಡ, ಮೋಡದ ದಿನವೇ ಬೇಕು, ಯಾಕೆಂದರೆ ಶುರುವಿನಲ್ಲಿದ್ದ ನೆರಳು ಮುಗಿಸುವ ಹೊತ್ತಿಗೆ ಜಾಗ ಬಿಟ್ಟಿರುತ್ತದೆ. ಹೊಳೆಯುವ ಕಂಬಗಳನ್ನು ಈ ವಿಧಾನದಲ್ಲಿ ಪ್ರಯತ್ನಿಸಬೇಡಿ. ಪ್ರತಿಬಿಂಬ ನಿಮ್ಮ ಜೊತೆ ನಡೆಯುತ್ತದೆ, ಸಾಫ್ಟ್‌ವೇರ್ ಕಂಬವನ್ನು ಕಡಿದು ಹಾಕುತ್ತದೆ.

ಜಾಲಂಧ್ರ

ಹಾಗಾದರೆ ಹಳೇಬೀಡಿನ ದಿನ ಹೀಗೆ: ಒಂಬತ್ತಕ್ಕೆ ದಕ್ಷಿಣ, ಹನ್ನೆರಡಕ್ಕೆ ಉತ್ತರ, ನಡುವೆ ಒಳಗಿನ ಛಾವಣಿ, ಮೂರಕ್ಕೆ ಪಶ್ಚಿಮ. ಸರಿಯಾ? ಫೈಲುಗಳಿಗೆ ಹೆಸರಿಡುವ ಕ್ರಮ ಏನು?

ಪಡಿಯಚ್ಚು

ಸರಿ, ಬೆಳಿಗ್ಗೆ ಒಳಗೆ ಹೋಗುತ್ತಲೇ ಪೂರ್ವದ ಬಾಗಿಲುಗಳನ್ನು ಮುಗಿಸಿಕೊಂಡು ದಕ್ಷಿಣಕ್ಕೆ ಹೋಗಿ. ಹೆಸರು ಪ್ರದಕ್ಷಿಣೆಯ ಕ್ರಮದಲ್ಲಿ: ಊರು, ಗೋಡೆಯ ದಿಕ್ಕು, ಮುಖದ ಸಂಖ್ಯೆ, ಬಲದಿಂದ ಎಷ್ಟನೇ ಮೂರ್ತಿ. "ಹಳೇಬೀಡು-ಪ-07-03" ಅಂದರೆ ಪಶ್ಚಿಮದ ಏಳನೇ ಮುಖದ ಮೂರನೇ ಮೂರ್ತಿ. ತೆಗೆದ ಕ್ರಮ ಬೇರೆಯಾದರೂ ಹೆಸರಿನ ಕ್ರಮ ಕೆಡಬಾರದು. ಪ್ರತಿ ಮುಖ ಶುರುವಾಗುವ ಮುಂಚೆ ಅದರ ಸಂಖ್ಯೆ ಬರೆದ ಚೀಟಿಯ ಒಂದು ಫ್ರೇಮ್ ತೆಗೆಯಿರಿ. ರಾತ್ರಿ ಎಲ್ಲವೂ ಒಂದೇ ಥರದ ಕಲ್ಲಾಗಿ ಕಾಣುವಾಗ ದಾರಿ ತೋರಿಸುವುದು ಆ ಚೀಟಿಯೇ.